ಅರವತ್ತೆರಡರ ಗೆರೆ

ಒಂದು ಕಾಲವಿತ್ತು. ಜನ ಓದದೆ ಸಹಿ ಹಾಕುವ ಕಾಗದಗಳಲ್ಲಿ ಮೊದಲನೆಯದು ಆಸ್ಪತ್ರೆಯದು, ಎರಡನೆಯದು ಮಕ್ಕಳ ಸಾಹಸ ಶಿಬಿರದ್ದು. ಬಂಡೆ ಹತ್ತುವಾಗ, ನೀರಿಗಿಳಿಯುವಾಗ, ಹಗ್ಗದ ಮೇಲೆ ಜಾರುವಾಗ ನನ್ನ ಮಗುವಿಗೆ ಪೆಟ್ಟಾದರೂ ಪ್ರಾಣವೇ ಹೋದರೂ ಶಿಬಿರದವರು ಹೊಣೆಯಲ್ಲ ಎಂದು ಅದರಲ್ಲಿ ಬರೆದಿರುತ್ತಿತ್ತು. ಮಗು ಕೈ ಹಿಡಿದು ಜಗ್ಗುತ್ತಿರುವಾಗ ನಾಲ್ಕು ಪುಟ ಓದುವವರು ಯಾರು? ಸಹಿ ಬೀಳುತ್ತಿತ್ತು. ಆಮೇಲೆ ಏನಾದರೂ ಆದರೆ ತಾಯಿ ನ್ಯಾಯಾಲಯದಲ್ಲಿ "ನನಗೆ ಗೊತ್ತಿರಲಿಲ್ಲ" ಎಂದು ಅಳುವಳು, ಶಿಬಿರದ ವಕೀಲ ಅವಳ ಸಹಿಯನ್ನೇ ಎತ್ತಿ ತೋರಿಸುವನು.

ಈ ಅಳುವಿಗೆ ಕೊನೆ ಹಾಡಲೆಂದು ಸರ್ಕಾರ ಅಳುಕಿನ ಅಂಕವನ್ನು ತಂದಿತು. ಆ ಹೊತ್ತಿಗಾಗಲೇ ಎಲ್ಲರ ಮಣಿಕಟ್ಟಿನಲ್ಲೂ ಆರೋಗ್ಯಪಟ್ಟಿ ಇತ್ತು. ಬೆವರಿನ ಉಪ್ಪು, ನಾಡಿಯ ಬಡಿತ, ಚರ್ಮದಡಿಯ ರಕ್ತನಾಳಗಳ ಬಿಗಿತ, ಇಷ್ಟನ್ನೂ ಅದು ಅಳೆಯುತ್ತಿತ್ತು. ವಿಜ್ಞಾನಿಗಳು ಮೂರನ್ನೂ ಕೂಡಿಸಿ ಕಳೆದು ಸೊನ್ನೆಯಿಂದ ನೂರರವರೆಗಿನ ಒಂದು ಅಂಕಿ ಹೊರಡಿಸಿದರು. ಮೆಟ್ಟಿಲು ಹತ್ತಿದ ಏದುಸಿರಿಗೂ ಎದೆಯೊಳಗಿನ ಹೆದರಿಕೆಗೂ ಇರುವ ವ್ಯತ್ಯಾಸ ಆ ಪಟ್ಟಿಗೆ ತಿಳಿಯುತ್ತಿತ್ತು. ಮಗು ಬಂಡೆಯ ಮೇಲಿರುವಷ್ಟು ಹೊತ್ತೂ ಒಪ್ಪಿದ ತಂದೆಯೋ ತಾಯಿಯೋ ಪರದೆಯ ಮುಂದೆ ಕೂತು ನೋಡುತ್ತಿರಬೇಕು. ಅಂಕ ಹತ್ತಕ್ಕಿಂತ ಕೆಳಗಿದ್ದರೆ ಅವರಿಗೆ ಅಪಾಯ ತಿಳಿದಿಲ್ಲ ಎಂದರ್ಥ. ಅರವತ್ತೆರಡರ ಮೇಲೆ ಸತತ ಒಂಬತ್ತು ಸೆಕೆಂಡು ನಿಂತರೆ ಅವರು ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು ಎಂದರ್ಥ, ಬಾಯಲ್ಲಿ ಏನೇ ಹೇಳಲಿ. ಅರವತ್ತೆರಡೇ ಏಕೆ ಎಂದು ಕೇಳಬೇಡಿ. ಸಮಿತಿಯವರು ಎರಡು ವರ್ಷ ಕೂತು, ಕೆಲವರು ಅರವತ್ತೆಂದು ಕೆಲವರು ಅರವತ್ತೈದೆಂದು ಜಗಳಾಡಿ, ಕೊನೆಗೊಂದು ದಿನ ಊಟವಾದ ಮೇಲೆ ಅರವತ್ತೆರಡಕ್ಕೆ ಒಪ್ಪಿದರಂತೆ.

ಒಪ್ಪಿಗೆ ಹೋಯಿತು, ಸರಿ, ಮಗುವನ್ನು ಏನು ಮಾಡಬೇಕು? ಮೊದಮೊದಲು ಯಂತ್ರ ಮೆಲ್ಲಗೆ ಕೆಳಗಿಳಿಸುತ್ತಿತ್ತು. ಹಾಗೆ ಇಳಿಯುವಾಗ ಒಂದು ಕಡೆ ಹುಡುಗನ ಹಿಮ್ಮಡಿ ಮುರಿಯಿತು. "ಇಳಿಸಲು ಒಪ್ಪಿಗೆ ಕೊಟ್ಟವರು ಯಾರು?" ಎಂದು ನ್ಯಾಯಾಲಯ ಕೇಳಿತು. ಅಂದಿನಿಂದ ಒಪ್ಪಿಗೆ ಹೋದ ಕ್ಷಣ ಹಗ್ಗಕ್ಕೆ ಬೀಗ ಬೀಳುತ್ತದೆ. ಮಗು ಎಲ್ಲಿದೆಯೋ ಅಲ್ಲೇ ತೂಗುತ್ತಿರುತ್ತದೆ. ಅಂಕ ಗೆರೆಯ ಕೆಳಗಿಳಿದು ಹೊಸ ಒಪ್ಪಿಗೆ ಬಂದರೆ ಬೀಗ ತೆರೆಯುತ್ತದೆ, ಇಲ್ಲವೇ ಸರ್ಕಾರಿ ರಕ್ಷಣಾ ದಳ ಬಂದು ಇಳಿಸಬೇಕು. ಬೀಗವನ್ನು ಕೈಯಿಂದ ತೆಗೆಯುವ ಹಿಡಿಯೊಂದಿತ್ತು. ಅದಿದ್ದರೆ ಹೊಣೆ ನಿಮ್ಮದೇ ಎಂದು ವಿಮೆಯವರು ಅದನ್ನೂ ಕೀಳಿಸಿದರು.

ಸರ್ಕಾರ ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರುತ್ತಾರೆ. ಮಲಪ್ರಭೆಯ ಸೀಮೆಯಲ್ಲಿ ಕೆಂಪುಕಲ್ಲಿನ ಹುಂಜದಗುಡ್ಡವಿದೆ. ಅಲ್ಲಿನ ಏರುತಾಣಕ್ಕೆ ಮಕ್ಕಳನ್ನು ಕರೆತರುವ ತಾಯಂದಿರು ಡಬ್ಬಿಯಲ್ಲಿ ಗಸಗಸೆ ಪಾಯಸ ತರತೊಡಗಿದರು. ಅರ್ಧ ಲೋಟ ಕುಡಿದರೆ ಅಂಕ ಮೂವತ್ತರ ಆಸುಪಾಸಿನಲ್ಲಿ ತೂಕಡಿಸುತ್ತಿತ್ತು. ಆಸೆಗೆ ಎರಡು ಲೋಟ ಇಳಿಸಿದ ಒಬ್ಬ ಮಹಾಶಯರ ಅಂಕ ಒಂಬತ್ತಕ್ಕಿಳಿದು, ಇವರಿಗೆ ಏನೂ ತಿಳಿದಿಲ್ಲ ಎಂದು ಯಂತ್ರ ವಾಪಸು ಕಳಿಸಿತು. ಅವರ ಹೆಂಡತಿ ಅದನ್ನು ಒಪ್ಪಿಕೊಂಡರು.

ಈ ತಾಣದ ನಿಯಂತ್ರಣ ಕೊಠಡಿಯಲ್ಲಿ ನಾಲ್ಕು ವರ್ಷದಿಂದ ಕೂರುತ್ತಿದ್ದವಳು ಮಹಾನಂದಾ. ಕೆಲಸದಲ್ಲಿ ಚುರುಕು, ಬಾಯಿಯೂ ಅಷ್ಟೇ ಚುರುಕು. ತಂತಿ ಸಡಿಲವಾದರೂ ಪರದೆ ಮಂಕಾದರೂ ಜೊತೆಯ ಮೌಲಾಲಿಗೆ ಬೈಗುಳ ಗ್ಯಾರಂಟಿ. ಅಕ್ಕ ಬೈಯದ ದಿನ ಯಂತ್ರವೂ ಸರಿಯಾಗಿ ನಡೆಯುವುದಿಲ್ಲ ಎಂದು ಆತ ನಗುತ್ತಿದ್ದ.

ಹೆದರಿದವರ ಅಂಕ ಇಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಮ್ಮೆ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರ ಅಂಕ ಎಪ್ಪತ್ತಕ್ಕೆ ಹೋಗಿ ನಿಂತಿತು. ಮಗ ಹದಿನೈದು ಅಡಿ ಎತ್ತರದಲ್ಲಿ ತೂಗುತ್ತಾ "ಒಂದಕ್ಕ ಬಂದೈತಿ" ಎಂದು ಕೂಗುತ್ತಿದ್ದ. ತಂದೆ ಹೆದರಿದಷ್ಟೂ ಹಗ್ಗ ಬಿಡದು, ಹಗ್ಗ ಬಿಡದಷ್ಟೂ ತಂದೆಗೆ ಹೆದರಿಕೆ. ಮಹಾನಂದಾ ಧ್ವನಿವರ್ಧಕದಲ್ಲಿ ಗಟ್ಟಿಯಾಗಿ, "ಸಾಹುಕಾರ್ರ, ನಿಮ್ಮ ಅಂಗಿ ಗುಂಡಿ ಎಲ್ಲಾ ತಪ್ಪಿ ಹಾಕ್ಕೊಂಡೀರಿ, ಹೆಣ್ಣಮಕ್ಕಳು ಕುಂತಾರ, ನೋಡ್ಕೋರಿ" ಅಂದಳು. ಅವರು ನಾಚಿ ತಡಬಡಿಸಿ ಗುಂಡಿ ಮುಟ್ಟಿಕೊಳ್ಳುವಷ್ಟರಲ್ಲಿ ಅಂಕ ಐವತ್ತೆಂಟಕ್ಕೆ ಜಾರಿತು. ಅದೇ ಕ್ಷಣ ಅವರ ಹೆಬ್ಬೆರಳು ಒತ್ತಿಸಿದಳು, ಹುಡುಗ ನೆಲ ಮುಟ್ಟಿದ. ಗುಂಡಿಗಳು ಸರಿಯಾಗಿಯೇ ಇದ್ದವು.

ಇಂಥ ಮಹಾನಂದಾಳ ಮಗಳು ಬನಶ್ರೀಗೆ ಹದಿಮೂರು ವರ್ಷ. ಗೋಡೆ ಕಂಡರೆ ಹಲ್ಲಿಯ ಹಾಗೆ ಹತ್ತುವ ಹುಡುಗಿ. ರಾಜ್ಯ ತಂಡದ ಆಯ್ಕೆಗೆ ಹುಂಜದಗುಡ್ಡದ ನಲವತ್ತೆರಡು ಮೀಟರಿನ ದೊಡ್ಡ ಮುಖವನ್ನು ಹತ್ತಿ ತೋರಿಸಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಹಾನಂದಾ ಒಪ್ಪಿಗೆಯ ಫಲಕವನ್ನು ಗಂಡನ ತಟ್ಟೆಯ ಪಕ್ಕಕ್ಕೆ ಸರಿಸಿದಳು. ಗಂಡ ದ್ಯಾಮಣ್ಣ ವಿದ್ಯುತ್ ಇಲಾಖೆಯ ಲೈನ್‌ಮನ್. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸದೆ ಅದನ್ನು ಪೂರ್ತಿ ಓದಿದ. ನಾಲ್ಕು ವರ್ಷದಲ್ಲಿ ಅದನ್ನು ಪೂರ್ತಿ ಓದಿದವರನ್ನು ಅವಳು ನೋಡಿದ್ದು ಅದೇ ಮೊದಲು.

"ನಾ ಸೈ ಮಾಡೂದಿಲ್ಲ" ಅಂದ.

"ಅಪ್ಪಾ!" ಬನಶ್ರೀಯ ತುತ್ತು ಕೈಯಲ್ಲೇ ಉಳಿಯಿತು.

"ಹತ್ತಬ್ಯಾಡ ಅನ್ನಾಕತ್ತಿಲ್ಲ ಮಗಳ, ಹತ್ತು. ನಾನೂ ಬಂದು ಕೆಳಗ ನಿಂತಿರ್ತೀನಿ ಬೇಕಾದ್ರ. ಆದ್ರ ನನ್ನ ಮಗಳು ಸತ್ರ ಯಾರೂ ಹೊಣಿ ಅಲ್ಲ ಅಂತ ಹಡೆದಪ್ಪ ಆದಾಂವ ಹೆಂಗ ಬರಕೊಡ್ಲಿ?"

"ಎಲ್ಲಾರೂ ಕೊಡ್ತಾರ" ಅಂದಳು ಮಹಾನಂದಾ. "ಹಂಗ ಹೇಳ್ರಿ, ನಿಮಗ ಅಂಜಿಕಿ."

"ಹೌದು, ಅಂಜಿಕಿ. ದಿನಾ ಕಂಬ ಹತ್ತಾಂವ ನಾ. ಅಂಜಿಕಿ ಇದ್ದಾಂವನ ಮನಿಗೆ ಬರ್ತಾನ. ಅದು ನನ್ನ ಎದ್ಯಾಗ ಇರ್ಲಿ. ಅದನ್ನ ಯಂತ್ರಕ್ಕ ಯಾಕ ತೋರಸ್ಲಿ?"

ಆರು ವಾರ ಇದೇ ಜಗಳ ನಡೆಯಿತು. ಉಪ್ಪಿನಕಾಯಿ ಕೊಡುವಾಗಲೂ ಅದೇ ಮಾತು, ಬಟ್ಟೆ ಮಡಿಸುವಾಗಲೂ ಅದೇ. ದ್ಯಾಮಣ್ಣ ಅಲುಗಲಿಲ್ಲ. ಕೊನೆಗೆ ಬನಶ್ರೀಯೇ, "ಒಬ್ರು ಒಪ್ಪಿದ್ರ ಸಾಕಂತ ಕಾಯ್ದೆದಾಗ ಐತಿ, ಅವ್ವ" ಎಂದು ದಾರಿ ತೋರಿಸಿದಳು. ಮಹಾನಂದಾ ಹೆಬ್ಬೆರಳು ಒತ್ತಿದಳು. ಎರಡನೆಯ ಪಾಲಕರ ಜಾಗದಲ್ಲಿ ದ್ಯಾಮಣ್ಣನ ಹೆಸರು ತುಂಬಿ, ಮುಂದೆ 'ಒಪ್ಪಿಲ್ಲ' ಎಂದು ಗುರುತು ಹಾಕಿದಳು. ಆಯ್ಕೆಯ ದಿನ ಬೆಳಿಗ್ಗೆ ಅವನು ಮಗಳ ತಲೆ ನೇವರಿಸಿ ಕೆಲಸಕ್ಕೆ ಹೋದ.

ಅವತ್ತು ಕೊಠಡಿಯ ಕುರ್ಚಿಯಲ್ಲಿ ಮೌಲಾಲಿ ಕೂತ. ಮಹಾನಂದಾ ಗಾಜಿನ ಗೋಡೆಯ ಈಚೆ, ಪಾಲಕರ ಕುರ್ಚಿಯಲ್ಲಿ. ಮೂರು ಸಾವಿರ ತಂದೆತಾಯಿಗಳ ಎದೆ ನೋಡಿದವಳು ತಾನು, ತನ್ನ ಅಂಕ ನಲವತ್ತು ದಾಟಿದರೆ ಕೇಳಿ ಎಂಬ ಜಂಬ ಅವಳಿಗಿತ್ತು. ಪಾಯಸವನ್ನೂ ಕುಡಿದಿರಲಿಲ್ಲ.

ಮಗಳು ಹತ್ತುತ್ತಿದ್ದಳು. ಹತ್ತು ಮೀಟರ್, ಇಪ್ಪತ್ತು. ಬೆರಳು ಸಿಕ್ಕಲ್ಲಿ ಬೆರಳು, ಕಾಲು ಸಿಕ್ಕಲ್ಲಿ ಕಾಲು. ಅವ್ವನ ಅಂಕ ಮೂವತ್ತೊಂದು. ಮಹಾನಂದಾಳಿಗೆ ಹೆಮ್ಮೆಯಿಂದ ಕಣ್ಣು ತುಂಬಿದವು, ಯಂತ್ರ ಅದಕ್ಕೇನೂ ಅನ್ನಲಿಲ್ಲ. ಮೂವತ್ತನೇ ಮೀಟರಿನಲ್ಲಿ ಬಂಡೆ ಸೂರಿನ ಹಾಗೆ ಹೊರಚಾಚಿದೆ. ಅದರ ಬಲಕ್ಕೆ ಹನ್ನೆರಡು ಅಡಿ ದೂರದಲ್ಲಿ ಹೆಜ್ಜೇನಿನ ಹುಟ್ಟು. ಹತ್ತು ಅಡಿಯೊಳಗಿದ್ದರೆ ದಾರಿ ಮುಚ್ಚಬೇಕೆಂದು ನಿಯಮ. ಇದು ಹನ್ನೆರಡು. ಬೆಳಿಗ್ಗೆ ಅಳೆದು ಸರಿ ಎಂದು ಬರೆದವಳು ಮಹಾನಂದಾಳೇ.

ಪರದೆಯ ಮೂಲೆಯಲ್ಲಿ ಒಂದು ನೆರಳು ಹಾದುಹೋಯಿತು. ಹದ್ದು. ಜೇನು ತಿನ್ನುವ ಜಾತಿಯದು. ಒಮ್ಮೆಲೇ ಎರಗಿ ಹುಟ್ಟಿನ ತುದಿ ಕಿತ್ತುಕೊಂಡು ಹೋಯಿತು. ಪಕ್ಕದ ಕುರ್ಚಿಯವರು ಇನ್ನೂ ಬನಶ್ರೀಯ ಕೈ ನೋಡುತ್ತಿದ್ದರು. ಮಹಾನಂದಾ ಹುಟ್ಟನ್ನು ನೋಡುತ್ತಿದ್ದಳು. ಕಪ್ಪು ಹುಟ್ಟು ಒಮ್ಮೆ ಅಲುಗಿ, ಹೊಗೆಯ ಹಾಗೆ ಎದ್ದಿತು.

ಅವಳ ಎದೆ ಧಸಕ್ಕೆಂದಿತು. ಎಪ್ಪತ್ತೊಂದು.

"ಮೌಲಾಲಿ, ಇಳಸು! ಲಗೂನ ಇಳಸು!" ಎಂದು ಕಿರುಚಿದಳು. ಹಗ್ಗ ಇಳಿಸುವ ಗುಂಡಿಯತ್ತ ಮೌಲಾಲಿಯ ಕೈ ಹೋಯಿತು. ಹಗ್ಗ ಒಂದೆರಡು ಮೊಳ ಸರಿಯಿತು. ಅಷ್ಟರಲ್ಲಿ ಒಂಬತ್ತು ಸೆಕೆಂಡು ತುಂಬಿತ್ತು. ಟಕ್ ಎಂದು ಬೀಗ ಬಿತ್ತು. ಪರದೆಯ ಮೇಲೆ ಕೆಂಪಕ್ಷರ ಬಂತು: ಪಾಲಕರು ಒಪ್ಪಿಗೆಯನ್ನು ಹಿಂಪಡೆದಿದ್ದಾರೆ.

"ಇಲ್ಲ, ನಾ ಒಪ್ಪೇನಿ. ಒಪ್ಪೇನಿ!" ಮಹಾನಂದಾ ಪಟ್ಟಿಗೆ ಹೆಬ್ಬೆರಳು ಒತ್ತಿದಳು. ಎಪ್ಪತ್ತೆಂಟು. ಯಂತ್ರ ನಂಬಲಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟಂತೆಯೇ ಬನಶ್ರೀ ಮಾಡಿದಳು. ಟೋಪಿಯ ಜಾಲರಿಯನ್ನು ಮುಖಕ್ಕೆ ಎಳೆದುಕೊಂಡು, ಮೊಣಕಾಲು ಎದೆಗವುಚಿ, ಅಲುಗಾಡದೆ ತೂಗಿದಳು. ಹುಳುಗಳು ಇನ್ನೂ ಹುಟ್ಟಿನ ಸುತ್ತಲೇ ಗುಂಯ್‌ಗುಡುತ್ತಿದ್ದವು. ನಾಲ್ಕಾರು ಮಾತ್ರ ಇತ್ತ ಬಂದಿದ್ದವು. ಹುಡುಗಿಯ ಕುತ್ತಿಗೆ ಒಮ್ಮೆ ಜಗ್ಗಿತು. ಮತ್ತೊಮ್ಮೆ ಜಗ್ಗಿತು. ಒಂದು ಕಚ್ಚಿದ ಜಾಗದ ವಾಸನೆಗೆ ಉಳಿದವು ಬರುತ್ತವೆ, ಇದನ್ನು ಪ್ರತಿ ತಂಡಕ್ಕೂ ಪಾಠ ಹೇಳುತ್ತಿದ್ದವಳು ಮಹಾನಂದಾ.

ಮೌಲಾಲಿ ಓಡಿಬಂದ. "ರಕ್ಷಣಾ ದಳಕ್ಕ ಹೇಳೇನ್ರಿ ಅಕ್ಕಾರ. ನಲವತ್ತು ನಿಮಿಷ ಅಂತಾರ. ನೀವು ಉಸಿರು ಎಳ್ಕೋರಿ. ಸಾವಕಾಶ. ಅರವತ್ತೆರಡಕ್ಕ ಬಂದ್ರ ಸಾಕು."

ಅವಳು ಉಸಿರು ಎಳೆದುಕೊಂಡಳು. ಎಂಬತ್ತು. ಮತ್ತೊಬ್ಬರಿಗೆ ಹೇಳಿದ್ದ ಉಪಾಯವನ್ನೆಲ್ಲ ತನಗೆ ಹೇಳಿಕೊಂಡಳು. ಎಂಬತ್ತೆರಡು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಕಣ್ಣು ಮುಚ್ಚೋಣವೆಂದರೆ ನೋಡದವರ ಒಪ್ಪಿಗೆ ಸಲ್ಲದು. ನೋಡಿದರೆ ಮಗಳ ಕುತ್ತಿಗೆ. ತನ್ನ ಹೆದರಿಕೆಯೇ ಮಗಳನ್ನು ಆ ಬಂಡೆಗೆ ಕಟ್ಟಿಹಾಕಿದೆ, ತಾನೊಂದು ಬೇರೆ ತಾಯಿಯಾಗಿದ್ದರೆ, ಏನೂ ಅರಿಯದ ಪೆದ್ದಿಯಾಗಿದ್ದರೆ ಅವಳು ಈಗ ನೆಲದ ಮೇಲಿರುತ್ತಿದ್ದಳು. ಈ ಯೋಚನೆ ಬಂದದ್ದೇ ಅಂಕ ಎಂಬತ್ತೊಂಬತ್ತಾಯಿತು.

ಅರಿಯದವನು ಒಬ್ಬನಿದ್ದ.

"ಎರಡನೇ ಪಾಲಕರು" ಅಂದಳು. "ದ್ಯಾಮಣ್ಣಾವ್ರಿಗೆ ಫೋನ್ ಹಚ್ಚು."

ಮೌಲಾಲಿ ತಡೆದ. "ಹಚ್ಚತೀನ್ರಿ. ಆದ್ರ ಪರದೆ ಮುಂದ ಇಲ್ಲದವರಿಗೆ ಈಗಿನ ಪರಿಸ್ಥಿತಿ ಇದ್ದದ್ದು ಇದ್ದಂಗ ಓದಿ ಹೇಳಬೇಕಲ್ರಿ. ಜೇನು ಅಂದಕೂಡ್ಲೆ ಅವರದೂ ಏರತೈತಿ. ಮುಚ್ಚಿಟ್ಟು ಒಪ್ಪಿಗಿ ತಗೊಂಡ್ರ ಎರಡು ವರ್ಷ ಜೈಲ್ರಿ."

"ನಾ ಹೇಳತೀನಿ. ಜೈಲಿಗೂ ನಾನ ಹೋಗತೀನಿ. ಹಚ್ಚು."

ದ್ಯಾಮಣ್ಣ ಎಲ್ಲಿದ್ದನೋ, ಚಿತ್ರ ಬರುವಷ್ಟು ನೆಟ್‌ವರ್ಕ್ ಇರಲಿಲ್ಲ, ಬರೀ ಧ್ವನಿ. ಹಿಂದೆ ಗಾಳಿಯ ಸದ್ದು. ಪರದೆಯ ಮೇಲೆ ಅವನ ಅಂಕ ಮೂಡಿತು: ಹದಿನೆಂಟು.

ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿ, ತೆಗೆದು, ಮಾತಾಡಿದಳು. ಅಷ್ಟು ಮೆತ್ತಗಿನ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಏನಿಲ್ರಿ, ಬನಶ್ರೀ ಚಂದ ಹತ್ಯಾಳ. ಈಗ ಇಳೀಬೇಕು. ನನ್ನ ಪಟ್ಟಿ ಕೆಟ್ಟೈತಿ, ಅಂಕಿ ತೋರಸವಲ್ದು. ನೀವು ಪಟ್ಟಿಗೆ ಬೆರಳು ಒತ್ತಿ ಒಪ್ಪಿಗಿ ಅಂದ್ರ ಸಾಕು, ಇಳಸ್ತಾರ."

ಆ ಕಡೆ ಗಾಳಿ ಮಾತ್ರ ಬೀಸಿತು. ಒಂದು ಸೆಕೆಂಡು, ಎರಡು. ಬೇಡ, ಈಗ ಜಗಳ ತೆಗೆಯಬೇಡ, ಆರು ವಾರದ್ದನ್ನು ಈಗ ತೆಗೆಯಬೇಡ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಪಟ್ಟಿ ಕೆಟ್ಟೈತೇನು?" ಎಂದ ದ್ಯಾಮಣ್ಣ.

"ಹೂಂ."

"ಆತು. ಒಪ್ಪಿಗಿ ಐತಿ."

ಬೀಗ ಸಡಿಲಿದ ಸದ್ದು ಕೇಳಿತು. ಮೌಲಾಲಿ ಗುಂಡಿಯತ್ತ ಹಾರಿದ. ಹಗ್ಗ ಇಳಿಯತೊಡಗಿತು. ಸೆಕೆಂಡಿಗೆ ಅರ್ಧ ಮೀಟರ್, ಅದಕ್ಕಿಂತ ಜೋರಿಲ್ಲ. ಒಂದು ನಿಮಿಷದ ದಾರಿ.

ಮಹಾನಂದಾ ಪರದೆ ನೋಡಿದಳು. ಮಗಳ ಪಕ್ಕದಲ್ಲಿ ಗಂಡನ ಅಂಕ ಇಪ್ಪತ್ತಾರು. ಮುಂದಿನ ಉಸಿರಿಗೆ ಮೂವತ್ತೈದು. ನಲವತ್ತೊಂದು. ಪಟ್ಟಿ ಕೆಟ್ಟಿದೆ ಎಂದು ನಂಬಿದವನ ಅಂಕ ಹೀಗೆ ಏರುವುದಿಲ್ಲ. ಮೂರು ಸಾವಿರ ಗೆರೆ ನೋಡಿದ ಅವಳಿಗೆ ಇಂಥ ಗೆರೆ ಗೊತ್ತಿತ್ತು. ತಿಳಿದವರ ಗೆರೆ ಇದು.

"ಮಹಾನಂದಾ" ಅಂದ ದ್ಯಾಮಣ್ಣ. ದನಿಯಲ್ಲಿ ಏನೂ ಇರಲಿಲ್ಲ, ಹಿಟ್ಟು ಬೀಸಿಕೊಂಡು ಬಾ ಅನ್ನುವಾಗಿನ ದನಿ. "ಇವತ್ತೊಂದು ಮಜಾ ಆತು ನೋಡು. ಕಂಬದ ಸಂದೂಕದಾಗ ಅಳಿಲು ಗೂಡು ಕಟ್ಟೈತಿ. ಫ್ಯೂಸಿನ ಬಾಜೂಕ. ಹತ್ತಿ, ನಾರು, ಒಂದು ಹಳೇ ಕಾಲಚೀಲ."

"ಹೌದ್ರಿ?" ಅಂದಳು. ನಲವತ್ತೊಂಬತ್ತು. ಮಗಳು ಇಪ್ಪತ್ತು ಮೀಟರಿನಲ್ಲಿದ್ದಳು. ಹುಳುಗಳ ಒಂದು ಜಡೆ ಹುಟ್ಟಿನಿಂದ ಬಿಚ್ಚಿಕೊಂಡು ಅವಳ ಹಿಂದೆ ಇಳಿಯತೊಡಗಿತು.

"ಕಾಲಚೀಲ ಎಲ್ಲಿಂದ ತಂದಿತೋ ಶಿವನ ಬಲ್ಲ. ಹುಡುಗರದು. ಕೆಂಪು ಪಟ್ಟಿ ಐತಿ." ಐವತ್ತೈದು. "ತಗದು ಒಗೀರಿ ಅಂತಾರ ಸಾಹೇಬ್ರು. ನಾ ಹೆಂಗ ಒಗೀಲಿ? ಲೈನ್ ಬಂದ್ ಮಾಡಿಸೇನಿ. ಸಾವಕಾಶ ತಗದು ಗಿಡದ ಮ್ಯಾಲ ಇಡತೀನಿ."

"ಇಡ್ರಿ" ಅಂದಳು. ಹತ್ತು ಮೀಟರ್. ಅರವತ್ತು. ಮೌಲಾಲಿಯ ಹುಡುಗರು ಒದ್ದೆ ಕಂಬಳಿ ಹಿಡಿದು ಬಂಡೆಯ ಬುಡಕ್ಕೆ ಓಡಿದ್ದರು. ಬನಶ್ರೀ ಈಗ ಕೈಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ "ಅವ್ವಾ" ಎಂದು ಕೂಗಿದಳು. ಕೊಠಡಿಯ ಧ್ವನಿವರ್ಧಕದಲ್ಲಿ ಆ ಕೂಗು ದೊಡ್ಡದಾಗಿ ಕೇಳಿತು, ಫೋನಿನೊಳಕ್ಕೂ ಹೋಗಿರಬೇಕು.

ಅರವತ್ತನಾಲ್ಕು.

ದ್ಯಾಮಣ್ಣನ ಮಾತು ನಿಂತಿತು. ಒಂದು, ಎರಡು, ಮೂರು ಎಂದು ಪರದೆಯ ಕೆಳಗೆ ಸೆಕೆಂಡುಗಳು ಉರುಳಿದವು. ನೆಲಕ್ಕಿನ್ನೂ ಆರು ಮೀಟರ್. ನಾಲ್ಕು, ಐದು. ಈ ಎತ್ತರದಲ್ಲಿ ಬೀಗ ಬಿದ್ದರೆ ಕಂಬಳಿಗೆ ಅವಳು ಎಟುಕುವುದಿಲ್ಲ, ಹುಳುಗಳಿಗೆ ಎಟುಕುತ್ತಾಳೆ. ಆರು. ಮಹಾನಂದಾ ಏನು ಹೇಳಬೇಕೋ ತಿಳಿಯದೆ, "ರೀ, ಎಷ್ಟ ಮರಿ ಅದಾವ್ರಿ?" ಅಂದಳು.

ಏಳು. ಎಂಟು.

"ಮೂರು" ಅಂದ ದ್ಯಾಮಣ್ಣ. "ಇನ್ನೂ ಕಣ್ಣ ತೆರದಿಲ್ಲ."

ಅರವತ್ತೊಂದು.

ಹುಡುಗಿಯ ಕಾಲು ಕಂಬಳಿಗೆ ತಾಗಿತು. ನಾಲ್ಕು ಕೈ ಅವಳನ್ನು ಸುತ್ತಿ, ಕೊಕ್ಕೆ ಬಿಚ್ಚಿ, ಎತ್ತಿಕೊಂಡು ಹೊಗೆ ಹಾಕಿದ ಗುಡಿಸಲಿನತ್ತ ಓಡಿದವು. ಕಿಟಕಿಯಾಚೆ ಮಹಾನಂದಾಳಿಗೆ ಕಂಡಿತು: ಬನಶ್ರೀ ತಾನೇ ಎದ್ದು ಕೂತಳು, ಒಂದು ಕಣ್ಣು ಬಾತು ಮುಚ್ಚಿತ್ತು, ತಾಣದ ನರ್ಸ್ ಸೂಜಿ ಚುಚ್ಚುವಾಗ ಅವರ ಮೇಲೆಯೇ ರೇಗುತ್ತಿದ್ದಳು. ಮಹಾನಂದಾ ಅತ್ತ ಓಡಲು ಎದ್ದಳು.

"ಇಳದ್ಲೇನು?" ಎಂದು ಕೇಳಿದ ದ್ಯಾಮಣ್ಣ.

ಅವಳಿಗೆ ದುಃಖ ಉಕ್ಕಿಬಂತು. "ಇಳದಾಳ್ರಿ" ಅಂದಳು. "ಮಾತಾಡಾಕತ್ತಾಳ. ಜೇನು ಎದ್ದಿತ್ತು. ಸುಳ್ಳ ಹೇಳಿದ್ನಿರಿ ನಾ."

"ಗೊತ್ತಿತ್ತು. ಪಟ್ಟಿ ಖರೇನ ಕೆಟ್ಟಿದ್ರ ಮೌಲಾಲಿನ ಬೈಕೋತ ಫೋನ್ ಮಾಡ್ತಿದ್ದಿ. ಇವತ್ತ ಯಾರಿಗೂ ಬೈಲಿಲ್ಲ."

ಪರದೆಯ ಮೇಲೆ ಅವನ ಅಂಕ ಎಪ್ಪತ್ತಾಯಿತು. ಎಂಬತ್ತನಾಲ್ಕು. ತೊಂಬತ್ತು ದಾಟಿತು. ಯಾರೂ ತೂಗದ ಖಾಲಿ ಹಗ್ಗಕ್ಕೆ ಟಕ್ ಎಂದು ಬೀಗ ಬಿತ್ತು. ಮೌಲಾಲಿ ವರದಿಯ ಫಲಕ ತೆರೆದು, ಆ ಏರುಗೆರೆಯನ್ನು ನೋಡಿ, ಕಣ್ಣೊರೆಸಿಕೊಂಡ. "ಪಾಲಕರಿಗೆ ಅಪಾಯ ತಿಳಿದಿತ್ತು ಅಂತ ಬರೀತೀನ್ರಿ ಅಕ್ಕಾರ. ಈ ಗೆರಿ ನೋಡಿದ್ರ ಯಾವ ನ್ಯಾಯಾಧೀಶರೂ ಇಲ್ಲ ಅನ್ನೂದಿಲ್ಲ."

"ಮಹಾನಂದಾ" ಎಂದಿತು ಫೋನು. "ಫೋನ್ ಇಡಬ್ಯಾಡ. ನಾ ಇನ್ನೂ ಕಂಬದ ಮ್ಯಾಲ ಅದೀನಿ. ಕಾಲು ನಡಗಾಕತ್ತಾವ."

ಮಹಾನಂದಾ ಕಿಟಕಿಯಾಚೆ ಮಗಳನ್ನೊಮ್ಮೆ ನೋಡಿ, ಅದೇ ಕುರ್ಚಿಯಲ್ಲಿ ಮತ್ತೆ ಕೂತಳು.

"ಸೊಂಟದ ಪಟ್ಟಾ ಬಿಗಿ ಐತೇನ್ರಿ? ನೋಡ್ಕೋರಿ. ಒಂದ ಕಾಲು ಮೊದಲ ಇಡ್ರಿ. ಇಟ್ರಿ? ಈಗ ಇನ್ನೊಂದು."